30-3 ಮ್ಯಾಚ್ ಕೊಟ್ಟು ಪರೀಕ್ಷೆ ಮಾಡಿದೆ: ಬೇಸ್‌ಬಾಲ್-ರೆಫರೆನ್ಸ್ ಸೈಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಸೈಟ್ ಚೆನ್ನಾಗಿದೆ. ದುಡ್ಡು ಕೊಡಬೇಕಾಗಿಲ್ಲ. ಬೇಸ್‌ಬಾಲ್‌ನ ಗಂಧಗಾಳಿ ಇಲ್ಲದವರೂ ಅದರಲ್ಲಿ ಒಂದು ಇಡೀ ಸಂಜೆ ಕಳೆಯಬಹುದು. ಆದರೆ ಸ್ಟ್ಯಾಟ್ಸ್ ಸೈಟ್ ಅಂದಮೇಲೆ ಅದನ್ನು ಕೊನೇ ಬಾಲ್‌ವರೆಗೆ ಉಸಿರು ಹಿಡಿದು ನೋಡಿದ ಮ್ಯಾಚ್ ಇಟ್ಟುಕೊಂಡು ಪರೀಕ್ಷೆ ಮಾಡಬಾರದು. ಅಂಥ ಮ್ಯಾಚ್‌ನ ಸ್ಕೋರ್‌ಕಾರ್ಡ್ ಯಾರು ಹಾಕಿದರೂ ಚೆಂದವೇ ಕಾಣುತ್ತದೆ. ಪೂರ್ತಿ ಒನ್ ಸೈಡ್ ಆದ, ಅರ್ಧಕ್ಕೇ ಜನ ಎದ್ದು ಮನೆಗೆ ಹೊರಟ ಮ್ಯಾಚ್ ಕೊಟ್ಟು ನೋಡಬೇಕು. ಅಲ್ಲಿ ಬರೀ ಯಾರು ಗೆದ್ದರು ಅಂತ ಹೇಳಿ ಸುಮ್ಮನಾಗುತ್ತದೋ, ಹೇಗೆ ಹಾಳಾಯಿತು, ಎಲ್ಲಿ ಹಾಳಾಯಿತು ಅಂತಲೂ ತೋರಿಸುತ್ತದೋ? ನಾನು ಕೊಟ್ಟಿದ್ದು 2007ರ ಆಗಸ್ಟ್ 22ರ ಮ್ಯಾಚ್. ಟೆಕ್ಸಸ್ ರೇಂಜರ್ಸ್ 30, ಬಾಲ್ಟಿಮೋರ್ ಓರಿಯೋಲ್ಸ್ 3.

ನನಗೆ ಈ ಹುಚ್ಚು ಹಿಡಿದಿದ್ದು ಪುಣೆಗೆ ಬಂದಮೇಲೆ. ಹಿಂಜೆವಾಡಿಯಲ್ಲಿ ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ಕಾಲ್ ಶುರುವಾಗುವ ಮೊದಲ ಐದು ನಿಮಿಷ ಅವರು ಹಿಂದಿನ ರಾತ್ರಿಯ ಮ್ಯಾಚ್ ಬಗ್ಗೆಯೇ ಮಾತಾಡುತ್ತಾರೆ, ನಾವು ಮ್ಯೂಟ್‌ನಲ್ಲಿ ಕೂತು ತಲೆ ಆಡಿಸುತ್ತೇವೆ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಮ್ಯಾಚ್ ನಮಗೆ ಬೆಳಗಿನ ಜಾವ ನಾಲ್ಕೂವರೆ, ಅದನ್ನು ಲೈವ್ ನೋಡಲು ಯಾರಿಂದಾಗುತ್ತದೆ ಹೇಳಿ. ಒಂದು ವಿಡಿಯೋ ಸೇವೆಗೆ ದುಡ್ಡು ಕಟ್ಟಿ ನೋಡಿದ್ದೂ ಆಯಿತು. ಹೆಸರು ಬೇಡ ಬಿಡಿ. ರಿಪ್ಲೇ ತೆರೆಯುವ ಮೊದಲೇ ಸ್ಕೋರ್ ತೋರಿಸಿಬಿಡುತ್ತಿತ್ತು, ಹೈಲೈಟ್ಸ್‌ನಲ್ಲಿ ಬರೀ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ), ನಡುವೆ ಅದೇ ಟ್ರಕ್ ಜಾಹೀರಾತು ಮತ್ತೆ ಮತ್ತೆ. ನಿಲ್ಲಿಸಿಬಿಟ್ಟೆ. ನಮ್ಮ ಟೀಮಿನಲ್ಲಿ ಕಾಲೇಜಿನಲ್ಲಿದ್ದಾಗ ಸಾಫ್ಟ್‌ಬಾಲ್ ಆಡಿದ್ದ ಮರಾಠಿ ಹುಡುಗಿ ಒಬ್ಬಳಿದ್ದಾಳೆ. ವಿಡಿಯೋ ಬಿಡು, ಬಾಕ್ಸ್ ಸ್ಕೋರ್ (ಬೇಸ್‌ಬಾಲ್‌ನ ಸ್ಕೋರ್‌ಕಾರ್ಡ್) ಓದೋದು ಕಲಿ, ಅಂತ ಈ ಸೈಟ್ ತೋರಿಸಿದ್ದು ಅವಳೇ.

ಸೈಟ್ ಬಗ್ಗೆ ಎರಡು ಮಾತು. 2000ದಲ್ಲಿ ಶಾನ್ ಫೋರ್ಮನ್ ಅನ್ನುವವರು ಶುರು ಮಾಡಿದ್ದು, ಈಗ ಫಿಲಡೆಲ್ಫಿಯಾದ ಕಂಪನಿ. ಹಳೇ ಮ್ಯಾಚ್‌ಗಳ ಬಾಲ್-ಬಾಲ್ ವಿವರ ಬಹಳಷ್ಟು ಬರುವುದು ರೆಟ್ರೋಶೀಟ್ ಅನ್ನುವ ಇನ್ನೊಂದು ಗುಂಪಿನಿಂದ. ಅದು 1989ರಲ್ಲಿ ಶುರುವಾಗಿದ್ದು, ಸಂಬಳ ಇಲ್ಲದ ಅಭಿಮಾನಿಗಳು ಹಳೇ ಸ್ಕೋರ್‌ಶೀಟ್ ಹುಡುಕಿ ಹುಡುಕಿ ಕಂಪ್ಯೂಟರ್‌ಗೆ ಹಾಕುತ್ತಾರೆ. ನಮ್ಮ ರಣಜಿಗೂ ಇಂಥವರು ಬೇಕಿತ್ತು ಅಂತ ಹೊಟ್ಟೆಕಿಚ್ಚು ಬಂತು, ಸುಳ್ಳು ಹೇಳುವುದಿಲ್ಲ.

ಈಗ ಮ್ಯಾಚ್‌ಗೆ ಬರೋಣ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಂದೊಂದು ಟೀಮಿಗೆ ಒಂಬತ್ತು ಇನಿಂಗ್ಸ್, ಒಂದೊಂದು ಇನಿಂಗ್ಸ್‌ಗೆ ಮೂರು ಔಟ್. ಬ್ಯಾಟರ್ ಮೂರು ಬೇಸ್ (ಓಡಿ ಮುಟ್ಟಬೇಕಾದ ಗುರುತುಗಳು) ದಾಟಿ ಶುರುವಿನ ಜಾಗಕ್ಕೆ ವಾಪಸ್ ಬಂದರೆ ಒಂದು ರನ್. ಸಾಮಾನ್ಯವಾಗಿ ಒಂದು ಟೀಮ್ ಇಡೀ ಮ್ಯಾಚ್‌ನಲ್ಲಿ ನಾಲ್ಕೈದು ರನ್ ಹೊಡೆಯುತ್ತದೆ. ಹತ್ತು ಹೊಡೆದರೆ ಹಬ್ಬ. ಮೂವತ್ತು ಅನ್ನುವುದು ಅಲ್ಲಿನವರಿಗೂ ನಂಬಲು ಕಷ್ಟವಾದ ಸಂಖ್ಯೆ. ಅದಕ್ಕೆ ಮೊದಲು ಯಾರಾದರೂ 30 ದಾಟಿದ್ದು 1897ರ ಜೂನ್ 29ರಂದು, ಷಿಕಾಗೋ ಕೋಲ್ಟ್ಸ್ ಟೀಮ್ ಲೂಯಿವಿಲ್ ಮೇಲೆ 36-7. ಮಧ್ಯೆ 110 ವರ್ಷ.

ಪೇಜ್ ತೆರೆದ ತಕ್ಷಣ ಮೇಲೆ ಕಾಣುವುದು ಲೈನ್ ಸ್ಕೋರ್, ಇನಿಂಗ್ಸ್‌ವಾರು ರನ್ ಬರೆದ ಒಂದು ಸಾಲು. ನಾನು ಅಲ್ಲೇ ನಿಂತುಬಿಟ್ಟೆ. ಟೆಕ್ಸಸ್ ಸಾಲು ಹೀಗಿದೆ: 0, 0, 0, 5, 0, 9, 0, 10, 6. ನೋಡಿ, ಮೂವತ್ತು ರನ್ ಹೊಡೆದ ಟೀಮಿನ ಒಂಬತ್ತು ಇನಿಂಗ್ಸ್‌ನಲ್ಲಿ ಐದು ಸೊನ್ನೆ! ಉಳಿದ ನಾಲ್ಕರಲ್ಲೇ ಎಲ್ಲ ಆಗಿದ್ದು. ಇನ್ನೂ ಮಜಾ ಅಂದರೆ ಮೂರು ಇನಿಂಗ್ಸ್ ಮುಗಿದಾಗ ಮುಂದಿದ್ದದ್ದು ಬಾಲ್ಟಿಮೋರ್, 3-0. ಅಂದರೆ ಸ್ಕೋರ್ ಕೇಳಿದವರು ಅಂದುಕೊಳ್ಳುವ ಹಾಗೆ ಇದು ಮೊದಲ ನಿಮಿಷದಿಂದ ಹೊಡೆದು ಹಾಕಿದ ಮ್ಯಾಚ್ ಅಲ್ಲವೇ ಅಲ್ಲ. ಅಷ್ಟು ಹೊತ್ತು ತವರಿನವರು ಆರಾಮಾಗಿ ಕೂತಿದ್ದಾರೆ, ಆಮೇಲೆ ಸಿಡಿಲು ಹೊಡೆದಿದೆ. ಇದನ್ನು ಯಾವ ಹೈಲೈಟ್ಸ್ ವಿಡಿಯೋ ನನಗೆ ಹೇಳಿರಲಿಲ್ಲ, ಒಂಬತ್ತು ಅಂಕಿಗಳ ಒಂದು ಸಾಲು ಹೇಳಿತು.

ಈ ಸಾಲನ್ನು ನಾನು ನಮ್ಮ ಏರಿಯಾದ ಉಡುಪಿ ಹೋಟೆಲ್‌ನ ಗಲ್ಲಾದಲ್ಲಿ ಕೂರುವ ಶೆಟ್ರಿಗೂ ತೋರಿಸಿದೆ. ಕನ್ನಡದಲ್ಲಿ ಎರಡು ಮಾತು ಆಡಲು ನಾನು ಅಲ್ಲಿಗೇ ಹೋಗುವುದು, ಕಾಫಿ ಒಂದು ನೆಪ. ಫೋನ್ ದೂರ ಹಿಡಿದು ನೋಡಿದರು. "ಎಂತದು ಮಾರಾಯ್ರೆ, ಎದುರಿನವರು ಆಡ್ಲಿಕ್ಕೆ ಬರ್ಲಿಲ್ವಾ?" ಅಂದರು. ಪಕ್ಕದಲ್ಲಿದ್ದ ನಮ್ಮ ಹುಬ್ಬಳ್ಳಿ ಗೆಳೆಯ ಬಗ್ಗಿ ನೋಡಿ, "ಲೇ, ಇದೇನ್ ಕಬಡ್ಡಿ ಸ್ಕೋರ್ ಐತೇನಲೇ?" ಅಂದ. ಎದುರಿನವರು ಬಂದಿದ್ದರು, ನಾಲ್ಕು ಜನ ಪಿಚರ್‌ಗಳೂ (ಅಂದರೆ ಅಲ್ಲಿನ ಬೌಲರ್‌ಗಳು) ಬಂದಿದ್ದರು. ಅದೇ ಕತೆ ಕೆಳಗಿನ ಟೇಬಲ್‌ನಲ್ಲಿದೆ.

ಪಿಚಿಂಗ್ ಟೇಬಲ್ ಓದಲು ಗಟ್ಟಿ ಮನಸ್ಸು ಬೇಕು. ಡೇನಿಯಲ್ ಕಬ್ರೇರಾ ಐದು ಇನಿಂಗ್ಸ್ ಹಾಕಿ 6 ರನ್ ಕೊಟ್ಟ. ಬ್ರಯಾನ್ ಬರೆಸ್ ಬರೀ ಎರಡು ಔಟ್ ತೆಗೆಯುವಷ್ಟರಲ್ಲಿ 8. ರಾಬ್ ಬೆಲ್ ನಾಲ್ಕು ಔಟ್‌ಗೆ 7. ಪಾಲ್ ಶೂಯಿ ಎರಡು ಇನಿಂಗ್ಸ್‌ಗೆ 9. ಕೂಡಿಸಿ ನೋಡಿ, ಸರಿಯಾಗಿ 30. ಬರೆಸ್‌ನ ಲೆಕ್ಕವನ್ನು ಒಂಬತ್ತು ಇನಿಂಗ್ಸ್‌ಗೆ ಹಿಗ್ಗಿಸಿದರೆ 108 ರನ್ ಆಗುತ್ತದೆ. ಪಾಪ ಅನ್ನಿಸಿತು. ಅದರ ಜೊತೆಗೇ ಸಿಟ್ಟೂ ಬಂತು, ಯಾಕೆಂದರೆ ಶೂಯಿಯನ್ನು ಮಧ್ಯದಲ್ಲಿ ತೆಗೆಯದೆ ಕೊನೆಯವರೆಗೆ ಹಾಕಿಸಿದ್ದು ಬೇಕೆಂದೇ. ಅದೇ ದಿನ ಇನ್ನೊಂದು ಮ್ಯಾಚ್ ಇತ್ತು, ಉಳಿದ ಪಿಚರ್‌ಗಳನ್ನು ಅದಕ್ಕೆ ಉಳಿಸಿಕೊಳ್ಳಬೇಕಿತ್ತು. ಸೋತ ಮ್ಯಾಚ್‌ನಲ್ಲಿ ಯಾರಾದರೊಬ್ಬರು ಹೊಡೆತ ತಿನ್ನಲೇಬೇಕು ಅನ್ನುವುದು ಬೇಸ್‌ಬಾಲ್‌ನ ಕ್ರೂರ ಲೆಕ್ಕ. ಬೌಲರ್‌ಗೆ ನಾಲ್ಕೇ ಓವರ್ ಅನ್ನುವ ನಮ್ಮ ಟಿ-20 ಎಷ್ಟು ಕರುಣೆಯದ್ದು ಅಂತ ಆಗ ಗೊತ್ತಾಯಿತು.

ಈಚೆಗೆ ಇಂಥ ಮ್ಯಾಚ್‌ಗಳಲ್ಲಿ ಪಿಚರೇ ಅಲ್ಲದ ಫೀಲ್ಡರ್ ಕೈಗೆ ಬಾಲ್ ಕೊಡುವುದು ಜಾಸ್ತಿಯಾಗಿ, 2023ರಿಂದ ಅದಕ್ಕೂ ಕಡಿವಾಣ ಹಾಕಿದ್ದಾರೆ. 8 ಅಥವಾ ಹೆಚ್ಚು ರನ್ ಹಿಂದಿದ್ದರೆ ಹಾಕಬಹುದು, ಮುಂದಿರುವವರು ಹಾಕಬೇಕಾದರೆ ಒಂಬತ್ತನೇ ಇನಿಂಗ್ಸ್ ಆಗಿರಬೇಕು, 10 ರನ್ ಮುನ್ನಡೆ ಇರಬೇಕು. ಹೆಚ್ಚುವರಿ ಇನಿಂಗ್ಸ್‌ಗೆ ಈ ಕಟ್ಟುಪಾಡು ಇಲ್ಲ.

ಇದನ್ನು ಓದುವಾಗ ಪುಣೆಯಲ್ಲಿರುವ ಯಾವ ಕನ್ನಡಿಗನಿಗೂ 2013ರ ಏಪ್ರಿಲ್ 23 ನೆನಪಾಗದೆ ಇರುವುದಿಲ್ಲ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 263ಕ್ಕೆ 5, ಗೇಲ್ 66 ಬಾಲ್‌ಗೆ ಔಟಾಗದೆ 175, ಎದುರಿಗಿದ್ದದ್ದು ಇದೇ ಊರಿನ ಹೆಸರಿನ ಪುಣೆ ವಾರಿಯರ್ಸ್. ಅವರ ಕ್ಯಾಪ್ಟನ್ ಆರನ್ ಫಿಂಚ್ ತಾನೇ ಒಂದು ಓವರ್ ಹಾಕಿ 29 ಕೊಟ್ಟ. 130 ರನ್ ಗೆಲುವು. ಇಲ್ಲಿನ ಸಹೋದ್ಯೋಗಿಗಳ ಮುಂದೆ ಈ ಮಾತು ತೆಗೆದರೆ ಅವರು 2017ರ ಅದೇ ಏಪ್ರಿಲ್ 23ರ 49 ಆಲೌಟ್ ತೆಗೆಯುತ್ತಾರೆ, ಅಲ್ಲಿಗೆ ನಮ್ಮ ಬಾಯಿ ಬಂದ್. ಆದರೆ ಒಂದು ವ್ಯತ್ಯಾಸ ಗಮನಿಸಿ. ಐಪಿಎಲ್‌ನಲ್ಲಿ 130 ರನ್‌ನಿಂದ ಗೆದ್ದರೆ ನೆಟ್ ರನ್ ರೇಟ್‌ಗೆ ಸೇರುತ್ತದೆ, ಮುಂದೆ ಎಲ್ಲೋ ಉಪಯೋಗಕ್ಕೆ ಬರುತ್ತದೆ. ಬೇಸ್‌ಬಾಲ್‌ನಲ್ಲಿ 30-3 ಕೂಡ ಒಂದೇ ಗೆಲುವು, 4-3 ಕೂಡ ಒಂದೇ ಗೆಲುವು. ಟೆಕ್ಸಸ್ ಆ ವರ್ಷ 75 ಗೆದ್ದು 87 ಸೋತಿತು, ತನ್ನ ಗುಂಪಿನಲ್ಲಿ ಕೊನೇ ಸ್ಥಾನ. ಬಾಲ್ಟಿಮೋರ್ 69 ಗೆದ್ದು 93 ಸೋತಿತು. ಎರಡೂ ಡಬ್ಬಾ ಟೀಮ್‌ಗಳೇ! ಆ 27 ರನ್ ಅಂತರವನ್ನು 162 ಮ್ಯಾಚ್‌ಗೆ ಹಂಚಿದರೆ ಮ್ಯಾಚ್‌ಗೆ ಒಂದು ರನ್‌ನ ಆರನೇ ಒಂದು ಭಾಗ ಬರುತ್ತದೆ. ಅಂದರೆ ಇಡೀ ವರ್ಷದ ಸರಾಸರಿ ನೋಡಿ ಟೆಕ್ಸಸ್ ಹೀಗೆ ಆಡಿತು ಅಂತ ಹೇಳುವವನು, ಒಂದೇ ದಿನದ ಹುಚ್ಚಾಟವನ್ನೂ ಅದರೊಳಗೆ ಸೇರಿಸಿ ಹೇಳುತ್ತಿರುತ್ತಾನೆ. ಸರಾಸರಿ ಹೇಳುವವರನ್ನು ನಾನು ಆಮೇಲಿಂದ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ, ಆಫೀಸಿನ ಅಪ್ರೈಸಲ್ ಮೀಟಿಂಗ್‌ನಲ್ಲೂ.

ಸೈಟ್‌ನ ನಿಜವಾದ ತಾಕತ್ತು ಇರುವುದು ಇನ್ನೂ ಕೆಳಗೆ, ಪ್ಲೇ-ಬೈ-ಪ್ಲೇ ಪಟ್ಟಿಯಲ್ಲಿ. ಪ್ರತಿ ಬ್ಯಾಟರ್‌ಗೆ ಒಂದು ಸಾಲು. ಯಾವ ಬೇಸ್‌ನಲ್ಲಿ ಯಾರಿದ್ದಾರೆ ಅನ್ನುವುದಕ್ಕೆ ಒಂದು ಕಾಲಂ, ಮೂರೂ ತುಂಬಿದ್ದರೆ 123 ಅಂತ ಇರುತ್ತದೆ. ಆ ಹೊಡೆತದಿಂದ ರನ್ ಬಂದರೆ ಪಕ್ಕದ ಕಾಲಂನಲ್ಲಿ ಆರ್ ಅಕ್ಷರ, ಔಟಾದರೆ ಓ. ಎಂಟನೇ ಇನಿಂಗ್ಸ್‌ಗೆ ಇಳಿದು ಬನ್ನಿ. ಟ್ರಾವಿಸ್ ಮೆಟ್‌ಕಾಫ್ ಅನ್ನುವ ಹುಡುಗ, ಅವತ್ತೇ ಕೆಳಗಿನ ದರ್ಜೆಯ ಟೀಮಿನಿಂದ ಮೇಲೆ ಬಂದವನು, ಗ್ರ್ಯಾಂಡ್ ಸ್ಲ್ಯಾಮ್ ಹೊಡೆದಿದ್ದಾನೆ. ಮೂರೂ ಬೇಸ್ ತುಂಬಿದಾಗ ಹೋಮ್ ರನ್, ಒಂದೇ ಏಟಿಗೆ ನಾಲ್ಕು. ಆ ಸಾಲಿನಲ್ಲಿ ಆರ್ ಆರ್ ಆರ್ ಆರ್ ಅಂತ ನಾಲ್ಕು ಅಕ್ಷರ ಒಟ್ಟಿಗೆ ಬಿದ್ದಿವೆ. ಆಟಗಾರನ ಜೀವನದಲ್ಲಿ ಒಮ್ಮೆ ಸಿಕ್ಕರೂ ಹೇಳಿಕೊಂಡು ತಿರುಗುವಂಥದ್ದು. ಅದೇ ಸಾಲಿನ ಇನ್ನೊಂದು ಕಾಲಂ ನೋಡಿದರೆ, ಗೆಲ್ಲುವ ಸಾಧ್ಯತೆಗೆ ಈ ಹೊಡೆತ ಎಷ್ಟು ಸೇರಿಸಿತು ಅನ್ನುವ ಜಾಗದಲ್ಲಿ, ಸೊನ್ನೆ.

ಯಾಕೆ ಸೊನ್ನೆ? ಎಂಟನೇ ಇನಿಂಗ್ಸ್ ಶುರುವಾದಾಗಲೇ ಸ್ಕೋರ್ 14-3. ಟೆಕ್ಸಸ್ ಗೆದ್ದೇ ಆಗಿತ್ತು. ನೂರಕ್ಕೆ ನೂರು ಇದ್ದದ್ದಕ್ಕೆ ಇನ್ನೇನು ಸೇರಿಸುತ್ತೀರಿ. ಈ ಲೆಕ್ಕಕ್ಕೆ ಡಬ್ಲ್ಯೂಪಿಎ ಅನ್ನುತ್ತಾರೆ. ಇದರ ಪ್ರಕಾರ ಆ ದಿನ ಬೆಲೆ ಇದ್ದ ಹೊಡೆತಗಳು ನಾಲ್ಕನೇ ಇನಿಂಗ್ಸ್‌ನವು, 0-3 ಇದ್ದದ್ದು 5-3 ಆದಾಗಿನವು. ಆಮೇಲಿನ 25 ರನ್‌ಗಳಲ್ಲಿ ಆರನೇ ಇನಿಂಗ್ಸ್‌ನ ಮೊದಲ ಕೆಲವು ಬಿಟ್ಟರೆ ಉಳಿದದ್ದು ಬರೀ ಪಟಾಕಿ. ಸರಿ, ಹಾಗಾದರೆ ಮೆಟ್‌ಕಾಫ್ ಹೊಡೆದದ್ದು ವ್ಯರ್ಥವಾ? ಅದಕ್ಕೆ ಬ್ಯಾಟಿಂಗ್ ಟೇಬಲ್‌ನಲ್ಲಿ ಇನ್ನೊಂದು ಕಾಲಂ ಇದೆ, ಆರ್‌ಇ24. ಅದಕ್ಕೆ ಸ್ಕೋರ್ ಎಷ್ಟಿದೆ ಅನ್ನುವುದರ ಪರಿವೆಯೇ ಇಲ್ಲ. ಬೇಸ್‌ನಲ್ಲಿ ಎಷ್ಟು ಜನ, ಎಷ್ಟು ಔಟ್, ಈ ಹೊಡೆತದಿಂದ ಟೀಮಿಗೆ ಎಷ್ಟು ರನ್ ಲಾಭ, ಅಷ್ಟೇ ನೋಡುತ್ತದೆ. ಅಲ್ಲಿ ಅದೇ ಗ್ರ್ಯಾಂಡ್ ಸ್ಲ್ಯಾಮ್‌ಗೆ ಪೂರ್ತಿ ಕೂಲಿ ಸಿಗುತ್ತದೆ. ಒಂದೇ ಹೊಡೆತ, ಒಂದು ಕಾಲಂನಲ್ಲಿ ಏನೂ ಅಲ್ಲ, ಇನ್ನೊಂದರಲ್ಲಿ ಬಂಗಾರ. ಬಿಗಿ ಪೈಪೋಟಿಯ ಮ್ಯಾಚ್‌ಗಳಲ್ಲಿ ಈ ಎರಡೂ ಕಾಲಂಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಏರಿಳಿಯುತ್ತವೆ, ಹೊಸಬರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 30-3 ಮ್ಯಾಚ್‌ನಲ್ಲಿ ಇವು ಕಿತ್ತಾಡುತ್ತವೆ, ಆಗ ಎರಡೂ ಏನಕ್ಕೆ ಇವೆ ಅಂತ ತಲೆಗೆ ಹೋಗುತ್ತದೆ. ನಾನು ಒನ್ ಸೈಡ್ ಮ್ಯಾಚ್ ಕೊಟ್ಟು ಪರೀಕ್ಷೆ ಮಾಡಿ ಅಂದಿದ್ದು ಇದಕ್ಕೇ.

ಬ್ಯಾಟಿಂಗ್ ಟೇಬಲ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. 29 ಹಿಟ್, 6 ಹೋಮ್ ರನ್, ಅದರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಎರಡು. ಇನ್ನೊಂದು ಆರನೇ ಇನಿಂಗ್ಸ್‌ನಲ್ಲಿ ಮಾರ್ಲನ್ ಬರ್ಡ್ ಹೊಡೆದದ್ದು. ಆದರೆ ಕಣ್ಣು ಹೋಗಬೇಕಾದ್ದು ಪಟ್ಟಿಯ ತಳಕ್ಕೆ. ಎಂಟನೇ ಕ್ರಮಾಂಕದ ಜರಾಡ್ ಸಾಲ್ಟಲಮಾಕಿಯಾ, ಒಂಬತ್ತನೇ ಕ್ರಮಾಂಕದ ರಮೋನ್ ವಾಸ್ಕೆಸ್. ಇಬ್ಬರೂ ತಲಾ ಎರಡು ಹೋಮ್ ರನ್, ತಲಾ 7 ಆರ್‌ಬಿಐ. ಅಂದರೆ ಇವರಿಬ್ಬರ ಹೊಡೆತಕ್ಕೆ 14 ರನ್ ಬಂದಿವೆ. ನಮ್ಮಲ್ಲಿ ಒಂಬತ್ತು ಹತ್ತನೇ ನಂಬರಿನವರು ಬಂದು ಸೆಂಚುರಿ ಬಾರಿಸಿ ಹೋದ ಹಾಗೆ ಅಂತಿಟ್ಟುಕೊಳ್ಳಿ. ಸಾಲ್ಟಲಮಾಕಿಯಾ ಬೇರೆ ಮೂರು ವಾರದ ಹಿಂದೆಯಷ್ಟೇ ಅಟ್ಲಾಂಟಾದಿಂದ ಟ್ರೇಡ್‌ನಲ್ಲಿ ಬಂದವನು, ಮಾರ್ಕ್ ಟೆಷೇರಾನ ಕೊಟ್ಟು ತಗೊಂಡವರಲ್ಲಿ ಒಬ್ಬ. ಆಟಗಾರನ ಹೆಸರಿನ ಮೇಲೆ ಒತ್ತಿದರೆ ಇದೆಲ್ಲ ಬರುತ್ತದೆ, ಅಲ್ಲಿಂದ ಟ್ರೇಡ್, ಅಲ್ಲಿಂದ ಇನ್ನೊಬ್ಬನ ಪೇಜ್. ನಿದ್ದೆಗೆ ಸಂಚಕಾರ.

ಅತಿ ದೊಡ್ಡ ಜೋಕ್ ಮಾತ್ರ ಟೆಕ್ಸಸ್‌ನ ಪಿಚಿಂಗ್ ಟೇಬಲ್‌ನಲ್ಲಿದೆ. ವೆಸ್ ಲಿಟಲ್‌ಟನ್ ಹೆಸರಿನ ಪಕ್ಕ ಎಸ್ ಅಂತ ಇದೆ, ಸೇವ್. ಮುಳುಗುತ್ತಿರುವ ಮ್ಯಾಚ್ ಕೈಜಾರದ ಹಾಗೆ ಉಳಿಸಿಕೊಟ್ಟವನಿಗೆ ಸಿಗುವ ಗೌರವ ಅದು. 27 ರನ್ ಅಂತರದಿಂದ ಗೆದ್ದ ಮ್ಯಾಚ್‌ನಲ್ಲಿ ಉಳಿಸಿದ್ದೇನು? ಊಟವೆಲ್ಲ ಮುಗಿದಮೇಲೆ ಎಲೆ ಎತ್ತಲು ಬಂದವನಿಗೆ ಅಡುಗೆ ಭಟ್ಟರ ದಕ್ಷಿಣೆ ಕೊಟ್ಟ ಹಾಗೆ. ಆದರೆ ನಿಯಮ ನಿಯಮವೇ. ಗೆದ್ದ ಟೀಮಿನ ಕೊನೆಯ ಪಿಚರ್ ಕನಿಷ್ಠ ಮೂರು ಇನಿಂಗ್ಸ್ ಚೆನ್ನಾಗಿ ಹಾಕಿ ಮ್ಯಾಚ್ ಮುಗಿಸಿದರೆ, ಮುನ್ನಡೆ ಎಷ್ಟೇ ಇರಲಿ, ಸೇವ್ ಕೊಡಬಹುದು. ಲಿಟಲ್‌ಟನ್ ಬಂದಾಗ 14-3, ಏಳು, ಎಂಟು, ಒಂಬತ್ತು ಮೂರನ್ನೂ ಹಾಕಿದ, ಎದುರಿನವರಿಗೆ ಒಂದೂ ರನ್ ಇಲ್ಲ. ಸೇವ್ ಅನ್ನುವುದು 1969ರಿಂದ ಅಧಿಕೃತ ಲೆಕ್ಕ, ಈ ನಿಯಮವನ್ನು ಬೈಯಲು ಅಮೆರಿಕದವರು ಇಂದಿಗೂ ಇದೇ ಮ್ಯಾಚ್ ಎತ್ತುತ್ತಾರೆ. ನಮ್ಮ ಕ್ಲೈಂಟ್ ಮ್ಯಾನೇಜರ್ ಬಳಿ ಒಮ್ಮೆ ಕಾಲ್‌ನಲ್ಲಿ ಲಿಟಲ್‌ಟನ್ ಸೇವ್ ಅಂದೆ. ಆ ಮನುಷ್ಯ ನಕ್ಕಿದ್ದು ನಾನು ಆ ಪ್ರಾಜೆಕ್ಟ್‌ಗೆ ಬಂದಮೇಲೆ ಅದೇ ಮೊದಲು.

ಇನ್ನು ಕೊರತೆಗಳು. ಬಾಕ್ಸ್ ಸ್ಕೋರ್ ಅನ್ನುವುದೇ ಮೈದಾನದೊಳಗಿನ ಲೆಕ್ಕ, ಹೊರಗೇನಾಯಿತು ಅನ್ನುವುದು ಅದರಲ್ಲಿರುವುದಿಲ್ಲ. ಅವತ್ತು ಮ್ಯಾಚ್‌ಗೆ ಮೊದಲು ಬಾಲ್ಟಿಮೋರ್‌ನವರು ತಮ್ಮ ಹಂಗಾಮಿ ಮ್ಯಾನೇಜರ್ (ಅಲ್ಲಿ ಕೋಚ್‌ಗೆ ಹಾಗನ್ನುತ್ತಾರೆ) ಡೇವ್ ಟ್ರೆಂಬ್ಲಿಯನ್ನು 2008ಕ್ಕೂ ಮುಂದುವರಿಸುತ್ತೇವೆ ಅಂತ ಘೋಷಿಸಿದ್ದರು. ಕೆಲಸ ಪಕ್ಕಾ ಆದ ದಿನವೇ ಮೂವತ್ತು ರನ್! ಇದು ಬೇರೆ ಕಡೆ ಓದಿ ತಿಳಿಯಬೇಕು. ಕಾಲಂಗಳು ವಿಪರೀತ, ಹೊಸಬರಿಗೆ ಮೊದಲ ದಿನ ತಲೆ ಸುತ್ತುತ್ತದೆ. ಕಾಲಂ ಹೆಸರಿನ ಮೇಲೆ ಮೌಸ್ ಇಟ್ಟರೆ ವಿವರಣೆ ತೆರೆದುಕೊಳ್ಳುತ್ತದೆ, ಆದ್ದರಿಂದ ಮೊದಲ ಸಲ ಲ್ಯಾಪ್‌ಟಾಪ್‌ನಲ್ಲೇ ನೋಡಿ, ಪಿಎಂಪಿ ಬಸ್ಸಿನಲ್ಲಿ ನಿಂತುಕೊಂಡು ಫೋನ್‌ನಲ್ಲಿ ಬೇಡ. ಜಾಹೀರಾತು ಇರುತ್ತದೆ, ಉಚಿತ ಅಂದಮೇಲೆ ಇರಲೇಬೇಕಲ್ವಾ. ಇಂತಿಷ್ಟು ರನ್‌ಗಿಂತ ಜಾಸ್ತಿ ಅಂತರದ ಮ್ಯಾಚ್ ಎಲ್ಲ ಪಟ್ಟಿ ಮಾಡಿಕೊಡು ಅನ್ನುವಂಥ ಹುಡುಕಾಟಕ್ಕೆ ಸ್ಟ್ಯಾಟ್‌ಹೆಡ್ ಅಂತ ಬೇರೆ ಸೇವೆ ಇದೆ, ಅದಕ್ಕೆ ದುಡ್ಡು. ನಮ್ಮಂಥವರಿಗೆ ಅದು ಬೇಡ. ದಿನಾಂಕ ಗೊತ್ತಿದ್ದರೆ ಸಾಕು, ಬಾಕ್ಸ್ ಸ್ಕೋರ್ ಪುಕ್ಕಟೆ.

ದಿನಾಂಕ ನಾನೇ ಕೊಡುತ್ತೇನೆ, ತಗೊಳ್ಳಿ. 2022ರ ಜುಲೈ 22, ಟೊರೊಂಟೊ 28, ಬಾಸ್ಟನ್ 5. ಅದರಲ್ಲಿ ಬಾಲ್ ಮೈದಾನದ ಹೊರಗೆ ಹೋಗದೆಯೇ ರೈಮೆಲ್ ಟಪಿಯಾ ಓಡಿ ತಂದ ಗ್ರ್ಯಾಂಡ್ ಸ್ಲ್ಯಾಮ್ ಇದೆ, ಆ ಸಾಲನ್ನು ಹುಡುಕಿ ಓದಿ. 2020ರ ಸೆಪ್ಟೆಂಬರ್ 9, ಅಟ್ಲಾಂಟಾ 29, ಮಯಾಮಿ 9, ಆ್ಯಡಂ ಡುವಾಲ್ ಒಬ್ಬನೇ 9 ಆರ್‌ಬಿಐ. 2023ರ ಜೂನ್ 24, ಏಂಜಲ್ಸ್ 25, ಕೊಲೊರಾಡೋ 1. ಇದು ನನಗೆ ಇಷ್ಟ, ಒಂದೇ ಇನಿಂಗ್ಸ್‌ನಲ್ಲಿ 13 ರನ್, ಅದೂ ಮೂರು ಬಾಲ್‌ಗೆ ಸತತ ಮೂರು ಹೋಮ್ ರನ್‌ನಿಂದ ಶುರು.

ಮೂವತ್ತರದ್ದು ತೆಗೆಯುವವರಿಗೆ ಒಂದು ಸಣ್ಣ ಸೂಚನೆ. ಅವತ್ತು ಒಂದೇ ದಿನ ಎರಡು ಮ್ಯಾಚ್ ಇತ್ತು ಅಂದೆನಲ್ಲ, ಪೇಜ್‌ನ ವಿಳಾಸದ ಕೊನೆಯ ಅಂಕಿ 1 ಇದ್ದರೆ ಮೊದಲನೆಯದು, 2 ಇದ್ದರೆ ಎರಡನೆಯದು. ಎರಡನೆಯದನ್ನೂ ತಪ್ಪದೆ ನೋಡಿ. ಮೂವತ್ತು ತಿಂದವರು ಅದೇ ದಿನ ಮತ್ತೆ ಅಂಗಳಕ್ಕೆ ಇಳಿದು 7 ರನ್ ಹೊಡೆದಿದ್ದಾರೆ. ಟೆಕ್ಸಸ್ 9.